ಸರ್ಕಾರಿ ಆಸ್ಪತ್ರೆಯ ದುಡ್ಡು, ಪೋರ್ಟಲ್‌ನ ಅಂಕಿ: ನೋಡುವವರು ಯಾರು?

ಎಲ್ಲರಿಗೂ ನಮಸ್ಕಾರ. ಇಲ್ಲಿ ಪಂಚಾಯಿತಿ ಸದಸ್ಯರಿದ್ದೀರಿ, ಆಶಾ ಕಾರ್ಯಕರ್ತೆಯರಿದ್ದೀರಿ, ಹಿಂದೆ ಕಾಲೇಜು ಮಕ್ಕಳೂ ಕೂತಿದ್ದಾರೆ. ನಾನು ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾದವನು, ಡಾಕ್ಟರ್ ಅಲ್ಲ. ಭಾಷಣ ಮುಗಿದ ಮೇಲೆ ಸಕ್ಕರೆ ಕಾಯಿಲೆಗೆ ಏನು ತಿನ್ನಬೇಕು ಅಂತ ದಯವಿಟ್ಟು ಕೇಳಬೇಡಿ.

ಒಂದು ಫೋನ್ ನಂಬರ್‌ನಿಂದ ಶುರು ಮಾಡುತ್ತೇನೆ. ಹತ್ತು ಸಲ ಒಂಬತ್ತು: 9999999999. 2023ರ ಆಗಸ್ಟ್‌ನಲ್ಲಿ, ಬಡವರ ಆಸ್ಪತ್ರೆ ಖರ್ಚನ್ನು ಸರ್ಕಾರವೇ ಭರಿಸುವ ಆಯುಷ್ಮಾನ್ ಭಾರತ್ ಯೋಜನೆಯ ಬಗ್ಗೆ ಸಿಎಜಿ, ಅಂದರೆ ಸರ್ಕಾರದ ಲೆಕ್ಕ ಪರಿಶೋಧಿಸುವ ಸಂಸ್ಥೆಯ ವರದಿ ಸಂಸತ್ತಿನ ಮುಂದೆ ಬಂತು. ಈ ಒಂದೇ ನಂಬರಿಗೆ 7,49,820 ಫಲಾನುಭವಿಗಳ ಹೆಸರು ಅಂಟಿಕೊಂಡಿತ್ತು. ಎಂಟು ಎಂಟು ಎಂಟು ಅಂತ ಒತ್ತಿದ ಇನ್ನೊಂದು ನಂಬರಿಗೆ 1,39,300 ಜನ. ಅದೇ ವರದಿಯಲ್ಲಿ 43,197 ಕುಟುಂಬಗಳಲ್ಲಿ ತಲಾ 11ರಿಂದ 201 ಸದಸ್ಯರಿದ್ದರು. ಇನ್ನೂರೊಂದು ಜನರ ಕುಟುಂಬ! ನಮ್ಮ ಕಡೆಯ ದೊಡ್ಡ ಅವಿಭಕ್ತ ಕುಟುಂಬಗಳೂ ಇದರ ಮುಂದೆ ಸಣ್ಣವೇ. ಇನ್ನೊಂದು ಅಂಕಿ ಕೇಳಿದರೆ ನಗು ಬರುವುದಿಲ್ಲ. ಹಿಂದಿನ ಚಿಕಿತ್ಸೆಯಲ್ಲೇ ತೀರಿಕೊಂಡರು ಎಂದು ದಾಖಲಾಗಿದ್ದ 3,446 ರೋಗಿಗಳ ಹೆಸರಿನಲ್ಲಿ ಆಮೇಲೂ ₹6.97 ಕೋಟಿ ಪಾವತಿಯಾಗಿತ್ತು.

ಸರ್ಕಾರದ ಕಡೆಯಿಂದ ಉತ್ತರವೂ ಬಂತು. ಫಲಾನುಭವಿ ಯಾರು ಎಂದು ಗುರುತಿಸುವುದು ಆಧಾರ್ ಮೂಲಕ, ಮೊಬೈಲ್ ನಂಬರಿನಿಂದ ಅಲ್ಲ, ಹಾಗಾಗಿ ನಂಬರ್ ತಪ್ಪಿದ್ದರೆ ಅರ್ಹತೆಗೆ ಧಕ್ಕೆ ಇಲ್ಲ ಅಂತ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಲೆಕ್ಕ ನೋಡುವವನಿಗೆ ಅದು ಸಾಲದು. ಯಾಕೆ ಅಂದರೆ, ಮೊಬೈಲ್ ನಂಬರ್ ಇರುವುದು ಅರ್ಹತೆಗೆ ಮಾತ್ರ ಅಲ್ಲ. ನಿಮ್ಮ ಹೆಸರಿನಲ್ಲಿ ಯಾವುದೋ ಆಸ್ಪತ್ರೆ ನಲವತ್ತು ಸಾವಿರದ ಬಿಲ್ ಹಾಕಿತು ಅಂದುಕೊಳ್ಳಿ. 'ಇದು ನಾನಲ್ಲ' ಅಂತ ಹೇಳಬಲ್ಲವರು ಜಗತ್ತಿನಲ್ಲಿ ಒಬ್ಬರೇ, ನೀವು. ನಿಮ್ಮನ್ನು ಕೇಳಬೇಕಾದರೆ ನಿಮ್ಮ ನಂಬರ್ ಬೇಕು. ಹತ್ತು ಸಲ ಒಂಬತ್ತು ಒತ್ತಿದ ಆ ಕ್ಷಣದಲ್ಲಿ ಸಂಬಳವಿಲ್ಲದ ಆಡಿಟರ್ ಒಬ್ಬರನ್ನು ಹೊರಗೆ ಕಳಿಸಿದ ಹಾಗಾಯಿತು. ಬೇಕಂತಲೇ ಮಾಡಿದ್ದು ಅನ್ನುತ್ತಿಲ್ಲ. ಮುಂದಿನ ಪೇಜಿಗೆ ಹೋಗಬೇಕು, ಖಾನೆ ಖಾಲಿ ಬಿಟ್ಟರೆ ಸಿಸ್ಟಮ್ ಬಿಡುವುದಿಲ್ಲ, ಹೊರಗೆ ಸಾಲು ನಿಂತಿದೆ. ಏನೋ ಒಂದು ಒತ್ತಿ ಮುಂದೆ ಹೋಗಿರುತ್ತಾರೆ. ಅದನ್ನು ತಿರುಗಿ ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಆರೋಗ್ಯ ಇಲಾಖೆಯಲ್ಲಿ ದುಡ್ಡಿನ ಲೆಕ್ಕ ಒಬ್ಬರು ನೋಡುತ್ತಾರೆ, ಮಾಹಿತಿಯ ಕೆಲಸ ಇನ್ನೊಬ್ಬರು ನೋಡುತ್ತಾರೆ. ಈಗ ಮಾಹಿತಿಯೇ ವೋಚರ್ ಆಗಿದೆ. ಪೋರ್ಟಲ್‌ನಲ್ಲಿ ಅಂಕಿ ಬಿದ್ದರೆ ಹಣ ಹೊರಡುತ್ತದೆ. ಹಾಗಿರುವಾಗ ವೋಚರನ್ನು ಎಷ್ಟು ಅನುಮಾನದಿಂದ ನೋಡುತ್ತೇವೋ, ಅಂಕಿಯನ್ನೂ ಅಷ್ಟೇ ಅನುಮಾನದಿಂದ ನೋಡಬೇಕು ಅಲ್ವಾ?

ದುಡ್ಡು ಬರುವ ದಾರಿ ಬೇಗ ಹೇಳಿಬಿಡುತ್ತೇನೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣದಲ್ಲಿ ನೂರಕ್ಕೆ ಅರವತ್ತು ಕೇಂದ್ರದ್ದು, ನಲವತ್ತು ನಮ್ಮ ರಾಜ್ಯದ್ದು. 2014ಕ್ಕಿಂತ ಮುಂಚೆ ಕೇಂದ್ರದ ಹಣ ನೇರವಾಗಿ, ಈ ಅಭಿಯಾನ ನಡೆಸುವ ರಾಜ್ಯದ ಆರೋಗ್ಯ ಸೊಸೈಟಿಗೆ ಬರುತ್ತಿತ್ತು. ಆಮೇಲೆ ರಾಜ್ಯದ ಖಜಾನೆಯ ಮೂಲಕ ಬರತೊಡಗಿತು. ಶಾಸನಸಭೆಯ ಕಣ್ಣಿಗೆ ಬೀಳಲಿ ಅನ್ನುವ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಹಲವು ರಾಜ್ಯಗಳಲ್ಲಿ ಖಜಾನೆಯಿಂದ ಸೊಸೈಟಿಗೆ ದಾಟುವುದರಲ್ಲೇ ಹಣ ತಡವಾಗಿದ್ದನ್ನು ಸಿಎಜಿ 2017ರ ವರದಿಯಲ್ಲಿ ಬರೆದಿದೆ. ಹಣ ತಡವಾದರೆ ಏನಾಗುತ್ತದೆ ಅಂತ ಇಲ್ಲಿರುವ ಪಂಚಾಯಿತಿಯವರಿಗೆ ನಾನು ಹೇಳಬೇಕಿಲ್ಲ. ಮಾರ್ಚ್ ತಿಂಗಳು ಬರುತ್ತದೆ! ಹನ್ನೊಂದು ತಿಂಗಳು ಬಾಗಿಲು ಮುರಿದ ಲೇಬರ್ ರೂಮಿನಲ್ಲಿ ಕೆಲಸ ನಡೆದಿರುತ್ತದೆ, ಹನ್ನೆರಡನೆಯ ತಿಂಗಳಲ್ಲಿ ಒಮ್ಮೆಲೇ ಕುರ್ಚಿ, ಪರದೆ, ಪ್ರಿಂಟರ್ ಎಲ್ಲ ಬಂದು ಇಳಿಯುತ್ತವೆ. 2021ರಿಂದ ಒಂದೊಂದು ಯೋಜನೆಗೆ ರಾಜ್ಯದಲ್ಲಿ ಒಂದೇ ಮೂಲ ಖಾತೆ ಅಂತ ಮಾಡಿದ್ದಾರೆ. ಎಲ್ಲೆಲ್ಲೋ ಬ್ಯಾಂಕಿನಲ್ಲಿ ಹಣ ಸುಮ್ನೆ ಮಲಗುವುದು ಇದರಿಂದ ಕಡಿಮೆಯಾಯಿತು.

ಖರ್ಚಾದ ಮೇಲೆ ಯುಸಿ ಕೊಡಬೇಕು, ಬಳಕೆ ಪ್ರಮಾಣಪತ್ರ. ಯುಸಿ ಹೇಳುವುದು ಹಣ ಖರ್ಚಾಯಿತು ಎಂದು. ಕೆಲಸ ಆಯಿತು, ಜನಕ್ಕೆ ಮುಟ್ಟಿತು ಎಂದು ಅದು ಹೇಳುವುದಿಲ್ಲ. ಅದಕ್ಕೆ ಬೇರೆ ಕಾಗದ ನೋಡಬೇಕು. ನಾವು ಮಾಡುತ್ತಿದ್ದುದು ಅದನ್ನೇ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜನರೇಟರ್ ಡೀಸೆಲ್ ಬಿಲ್ ನೀಟಾಗಿತ್ತು. ಬಿಲ್ ಇದೆ, ಸಹಿ ಇದೆ, ಮೊತ್ತ ಸರಿ ಇದೆ. ಪಕ್ಕದಲ್ಲಿ ಲಾಗ್ ಪುಸ್ತಕ ಇಟ್ಟುಕೊಂಡು ನೋಡಿದರೆ ಜನರೇಟರ್ ದಿನಾ ಸರಿಯಾಗಿ ಎರಡು ಗಂಟೆ ಓಡಿದೆ. ಭಾನುವಾರವೂ ಎರಡು ಗಂಟೆ, ಯುಗಾದಿಯ ದಿನವೂ ಎರಡು ಗಂಟೆ, ಒಂದೇ ಪೆನ್ನು, ಒಂದೇ ಕೈಬರಹ. ಕರೆಂಟ್ ಯಾವತ್ತಾದರೂ ಅಷ್ಟು ಶಿಸ್ತಾಗಿ ಹೋಗುತ್ತದಾ? ಒಂದೇ ಕಾಗದ ನೋಡಿದರೆ ಎಲ್ಲವೂ ಸರಿ ಕಾಣುತ್ತದೆ. ಬೇರೆ ಬೇರೆ ಕೈ ಬರೆದ ಎರಡು ಕಾಗದ ಅಕ್ಕಪಕ್ಕ ಇಟ್ಟಾಗ ನಿಜ ಹೊರಗೆ ಬರುತ್ತದೆ.

ಪೋರ್ಟಲ್‌ಗೂ ಇದೇ ಮದ್ದು. ಆರೋಗ್ಯ ಇಲಾಖೆಯ ಎಚ್‌ಎಂಐಎಸ್ ಎಂಬ ಮಾಹಿತಿ ಪೋರ್ಟಲ್ 2008ರಲ್ಲಿ ಶುರುವಾಯಿತು. ಅದರಲ್ಲಿ ತಿಂಗಳಿಗೆ ಎಷ್ಟು ಹೆರಿಗೆ, ಎಷ್ಟು ಲಸಿಕೆ ಅನ್ನುವ ಒಟ್ಟು ಲೆಕ್ಕ ಇರುತ್ತದೆ. ತಾಯಿ-ಮಕ್ಕಳ ಆರೋಗ್ಯದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ಪ್ರತಿ ತಾಯಿ, ಮಗುವಿನ ದಾಖಲೆ ಹೆಸರು ಹಿಡಿದು ಇರುತ್ತದೆ. ಜನನ ನೋಂದಣಿ ನಮ್ಮಲ್ಲಿ ಇ-ಜನ್ಮ ಎಂಬ ತಂತ್ರಾಂಶದಲ್ಲಿದೆ. ಮೂರಕ್ಕೂ ಬೇರೆ ಬೇರೆ ದಾರಿ. ಒಂದು ಆಸ್ಪತ್ರೆಯ ಒಂದು ತಿಂಗಳಿಗೆ ಮೂರನ್ನೂ ಹೋಲಿಸಿ. ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ನೋಂದಣಿ ತಡವಾಗಿ ಮಾಡಿಸುವವರಿದ್ದಾರೆ. ಆದರೆ ತುಂಬಾ ಜಾಸ್ತಿ ಇದ್ದರೆ ಕೇಳಬೇಕು. ವ್ಯತ್ಯಾಸವೇ ಇಲ್ಲದೆ ಪ್ರತಿ ತಿಂಗಳೂ ಗುರಿಯಷ್ಟೇ ಸಾಧನೆ ಇದ್ದರೆ, ಆಗಂತೂ ಖಂಡಿತ ಕೇಳಬೇಕು.

ಈಗ ಆಶಾ ಅಕ್ಕಂದಿರ ವಿಷಯಕ್ಕೆ ಬರುತ್ತೇನೆ. ಮಾಹಿತಿ ತಪ್ಪಿದರೆ ಸರ್ಕಾರದ ಹಣ ಮಾತ್ರ ಹೋಗುತ್ತದೆ ಅಂತ ತಿಳಿಯಬೇಡಿ, ಬಡವರ ಹಣವೂ ಹೋಗುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆಯಲ್ಲಿ ಹಳ್ಳಿಯ ಒಬ್ಬ ಗರ್ಭಿಣಿಗೆ ಆಶಾ ಮಾಡುವ ಕೆಲಸಕ್ಕೆ ₹600. ಅದರಲ್ಲಿ ₹300 ಹೆರಿಗೆಗೆ ಮುಂಚಿನ ತಪಾಸಣೆಗಳಿಗೆ, ಉಳಿದ ₹300 ಆಸ್ಪತ್ರೆಯಲ್ಲಿ ಹೆರಿಗೆ ಆಗುವಂತೆ ನೋಡಿಕೊಂಡದ್ದಕ್ಕೆ. ಆಕೆ ಮನೆ ಹುಡುಕಿಕೊಂಡು ಹೋಗಿ, ತಾಯಿ ಕಾರ್ಡ್ ಮಾಡಿಸಿ, ತಿಂಗಳು ತಿಂಗಳು ಕರೆತಂದು, ಹೆರಿಗೆ ದಿನ ಆಸ್ಪತ್ರೆ ಬೆಂಚಿನ ಮೇಲೆ ರಾತ್ರಿ ಕಳೆದಿರುತ್ತಾಳೆ. ಅವಳ ಡೈರಿಯಲ್ಲಿ ಅದೆಲ್ಲ ಇರುತ್ತದೆ. ಪೋರ್ಟಲ್‌ಗೆ ಹಾಕುವವರು ಬೇರೆಯವರು. ಸರ್ವರ್ ಇಲ್ಲ, ಆಪರೇಟರ್ ರಜೆ, ಗರ್ಭಿಣಿ ಹೆರಿಗೆಗೆ ಬೇರೆ ಜಿಲ್ಲೆಯ ತವರಿಗೆ ಹೋದಳು, ಅಲ್ಲಿ ಎಂಟ್ರಿ ಆಗಲಿಲ್ಲ. ಕಾರಣ ಯಾವುದಾದರೂ ಆಗಲಿ, ಕೈತಪ್ಪುವುದು ಆಶಾಳ ದುಡ್ಡು. ಪೋರ್ಟಲ್‌ಗೂ ಪ್ರೋತ್ಸಾಹಧನಕ್ಕೂ ಇರುವ ಈ ಗಂಟು ಬಿಡಿಸಿ ಎಂದು ರಾಜ್ಯದ ಆಶಾ ಕಾರ್ಯಕರ್ತೆಯರು ವರ್ಷಗಳಿಂದ ಕೇಳುತ್ತಿದ್ದಾರೆ. 2025ರ ಜನವರಿಯಲ್ಲಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತರು. ತಿಂಗಳಿಗೆ ಕನಿಷ್ಠ ₹10,000 ಎಂಬ ಭರವಸೆ ಪಡೆದು ಎದ್ದರು. ಇಲಾಖೆಯಲ್ಲಿ ತಳಮಟ್ಟದ ಮಾಹಿತಿ ಯಾರಿಗೆ ಚೆನ್ನಾಗಿ ಗೊತ್ತು ಅಂದರೆ ಇವರಿಗೇ. ಆದರೆ ತಮ್ಮ ಹೆಸರಿನ ಎಂಟ್ರಿ ಸರಿಯಾಗಿದೆಯಾ ಎಂದು ಮೊಬೈಲಿನಲ್ಲಿ ನೋಡಿ, 'ತಪ್ಪಿದೆ' ಎಂದು ಒತ್ತುವ ಒಂದು ಬಟನ್ ಕೊಡಿ ಅಂದರೆ ಅದು ಕಷ್ಟದ ತಂತ್ರಜ್ಞಾನವಂತೆ!

ಕಂಪ್ಯೂಟರ್ ಜಾಸ್ತಿ ತಂದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ಇಂಗ್ಲೆಂಡಿನಲ್ಲಿ 2002ರಲ್ಲಿ ಸರ್ಕಾರಿ ಆರೋಗ್ಯ ಸೇವೆಗೆ ಒಂದೇ ದೊಡ್ಡ ಕಂಪ್ಯೂಟರ್ ಯೋಜನೆ ಶುರು ಮಾಡಿ, 2011ರಲ್ಲಿ ಬಿಚ್ಚಿಹಾಕಬೇಕಾಯಿತು. 2013ರಲ್ಲಿ ಅವರ ಸಂಸತ್ತಿನ ಲೆಕ್ಕಪತ್ರ ಸಮಿತಿ ಹೇಳಿದ ವೆಚ್ಚದ ಅಂದಾಜು 980 ಕೋಟಿ ಪೌಂಡ್. ಡಾಕ್ಟರು, ನರ್ಸುಗಳನ್ನು ಸರಿಯಾಗಿ ಕೇಳದೆ ಮೇಲಿನಿಂದ ಹೇರಿದ್ದೂ ಸೋಲಿಗೆ ಒಂದು ಕಾರಣ. ಅಲ್ಲಿ ಒಂದು ಒಳ್ಳೆಯದೂ ಆಯಿತು. ಸಮಿತಿ ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಬಹಿರಂಗವಾಗಿ ಕೇಳಿತು. ನಮ್ಮಲ್ಲೂ ಲೆಕ್ಕಪತ್ರ ಸಮಿತಿ ಇದೆ, ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ರೂಢಿಯೂ ಇದೆ. ಆದರೆ ಸಭೆ ಮುಚ್ಚಿದ ಬಾಗಿಲ ಹಿಂದೆ. ಆಡಿಟ್ ಪ್ಯಾರಾ, ಅಂದರೆ ಲೆಕ್ಕ ಪರಿಶೋಧಕರ ಆಕ್ಷೇಪಣೆ ಬಂದು, ಇಲಾಖೆ ಅದಕ್ಕೆ ಉತ್ತರವಾಗಿ ಅನುಪಾಲನಾ ವರದಿ ಕೊಟ್ಟು, ಕೊನೆಗೆ ಪ್ಯಾರಾ ಡ್ರಾಪ್ ಆಗುವಷ್ಟರಲ್ಲಿ ಸಂಬಂಧಪಟ್ಟವರು ಎರಡು ವರ್ಗಾವಣೆ ಕಂಡಿರುತ್ತಾರೆ, ಕೆಲವರು ನನ್ನ ಹಾಗೆ ಪಿಂಚಣಿ ತೆಗೆದುಕೊಳ್ಳುತ್ತಿರುತ್ತಾರೆ.

ಹಾಗಾದರೆ ಎಲ್ಲ ಮಾಹಿತಿಯನ್ನೂ ಗೋಡೆಗೆ ಅಂಟಿಸಿಬಿಡೋಣವೇ? ಬೇಡ. ಯಾರಿಗೆ ಎಚ್‌ಐವಿ ಇದೆ, ಯಾರು ಗರ್ಭಪಾತ ಮಾಡಿಸಿಕೊಂಡರು ಅನ್ನುವುದು ಊರಿಗೆ ಬೇಕಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. ಆದರೆ ಆ ಹಕ್ಕು ರೋಗಿಯದು. ಔಷಧಿ ಸ್ಟಾಕ್‌ಗೆ, ಡೀಸೆಲ್ ಬಿಲ್ಲಿಗೆ ಖಾಸಗಿತನ ಇಲ್ಲ. ಹೆಸರು ಕೇಳಬೇಡಿ, ಸಂಖ್ಯೆ ಕೇಳಿ. ರೋಗಿಗೆ ಮಾತ್ರ ತನ್ನ ಹೆಸರಿನ ಪೂರ್ತಿ ದಾಖಲೆ ನೋಡುವ ಅವಕಾಶ ಇರಲಿ.

ಪಂಚಾಯಿತಿಯವರಿಗೆ ಒಂದು ಮಾತು. ಆರೋಗ್ಯಕ್ಕೂ ನಮಗೂ ಏನು ಸಂಬಂಧ ಅನ್ನುವ ಕಾಲ ಹೋಯಿತು. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆಂದೇ ದೇಶದಲ್ಲಿ ₹70,051 ಕೋಟಿ ಇಟ್ಟಿತು. ಇನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗೆ ವರ್ಷಕ್ಕೆ ₹10,000 ಮುಕ್ತ ನಿಧಿ ಇದೆ. ಪಂಚಾಯಿತಿ ಸದಸ್ಯರೇ ಅಧ್ಯಕ್ಷರು, ಆಶಾ ಸದಸ್ಯ ಕಾರ್ಯದರ್ಶಿ. ಆ ಸಮಿತಿ ಕೊನೆಯ ಸಲ ಯಾವಾಗ ಸೇರಿತು ಅಂತ ಇಲ್ಲಿ ಕೇಳಿ ಯಾರಿಗೂ ಮುಜುಗರ ಮಾಡುವುದಿಲ್ಲ. ಮೊತ್ತ ಸಣ್ಣದು ನಿಜ. ಆದರೆ ಆ ಸಮಿತಿಯ ಸಭೆಯಲ್ಲಿ ಆಸ್ಪತ್ರೆಯ ಅಂಕಿಗಳನ್ನೂ ಕೇಳಬಹುದು, ಕೇಳುವ ಜಾಗವೇ ಅದು.

ಕೊಡಲಿಲ್ಲ ಅಂದರೆ ಮಾಹಿತಿ ಹಕ್ಕಿದೆ. ಅದರ ನಾಲ್ಕನೆಯ ಸೆಕ್ಷನ್ ಪ್ರಕಾರ ಬಜೆಟ್, ಖರ್ಚು ಇವನ್ನೆಲ್ಲ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲದಿದ್ದರೆ ₹10 ಶುಲ್ಕದ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. 'ಎಲ್ಲ ದಾಖಲೆ ಕೊಡಿ' ಎಂದು ಬರೆದರೆ ತಿರಸ್ಕರಿಸಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ಹೀಗೆ ಬರೆಯಿರಿ: ಇಂಥ ಆರೋಗ್ಯ ಕೇಂದ್ರ, ಇಂಥ ತಿಂಗಳು, ಲೇಬರ್ ರೂಮ್ ರಿಜಿಸ್ಟರಿನಲ್ಲಿರುವ ಹೆರಿಗೆಗಳ ಸಂಖ್ಯೆ, ಅದೇ ತಿಂಗಳು ಎಚ್‌ಎಂಐಎಸ್‌ಗೆ ಕಳಿಸಿದ ಸಂಖ್ಯೆ, ಅದೇ ತಿಂಗಳು ಜನನಿ ಸುರಕ್ಷಾ ಹಣ ಪಾವತಿಯಾದ ತಾಯಂದಿರ ಸಂಖ್ಯೆ. ಹೆಸರು ಬೇಡ ಎಂದು ಸ್ಪಷ್ಟವಾಗಿ ಸೇರಿಸಿ. ಉತ್ತರಕ್ಕೆ 30 ದಿನ. ಮೂರು ಸಂಖ್ಯೆ ಬಂದ ಮೇಲೆ ಪತ್ರಿಕೆಯವರ ಹತ್ತಿರ ಓಡುವ ಮುಂಚೆ ಆ ಕೇಂದ್ರದ ವೈದ್ಯಾಧಿಕಾರಿಯವರನ್ನು ಕೂರಿಸಿಕೊಂಡು ವ್ಯತ್ಯಾಸ ಯಾಕೆ ಅಂತ ಕೇಳಿ. ಬ್ಯಾಂಕ್ ಖಾತೆ ಇಲ್ಲದ ತಾಯಂದಿರೆಷ್ಟು, ಬೇರೆ ಊರಿನಿಂದ ಬಂದವರೆಷ್ಟು, ಎಂಟ್ರಿ ಬಾಕಿ ಎಷ್ಟು ಎಂದು ಅವರು ಹೇಳುತ್ತಾರೆ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ.