ಕಾಲಿಗೂ ಎಂಜಿನ್‌ಗೂ ನಡುವೆ ದಲ್ಲಾಳಿ ಯಾಕೆ?

ನಮಸ್ಕಾರ ಸ್ನೇಹಿತರೇ. ಇವತ್ತು ಟೈರ್ ಬಗ್ಗೆ ವಿಡಿಯೊ ಮಾಡಬೇಕಿತ್ತು. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕಾಮೆಂಟ್ ಓದುತ್ತಿದ್ದೆ, ಒಂದನ್ನು ನೋಡಿ ಮೈ ಉರಿಯಿತು. "ಅಣ್ಣಾ, ಟರ್ಬೊ ಇಲ್ಲದ್ದೂ ಒಂದು ಪರ್ಫಾರ್ಮೆನ್ಸ್ ಕಾರಾ? ನಿಮ್ಮ ಎನ್‌ಎ ಎಂಜಿನ್ ಮ್ಯೂಸಿಯಂನಲ್ಲಿಡಿ." ಅದಕ್ಕೆ ಲೈಕುಗಳ ಸುರಿಮಳೆ ಬೇರೆ. (ಎನ್‌ಎ ಅಂದ್ರೆ ನ್ಯಾಚುರಲಿ ಆಸ್ಪಿರೇಟೆಡ್, ಟರ್ಬೊ ಇಲ್ಲದೆ ತಾನೇ ಗಾಳಿ ಎಳೆದುಕೊಳ್ಳುವ ಎಂಜಿನ್.)

ತಮ್ಮಾ, ಕೂತ್ಕೋ. ಟೈರ್ ನಾಳೆ ನೋಡೋಣ.

ಟರ್ಬೊ ಮಾಡುವುದೇನು? ಎಂಜಿನ್ ಹೊರಗೆ ಬಿಡುವ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದಕ್ಕೆ ಜೋಡಿಸಿರುವ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಜಾಸ್ತಿ, ಪವರ್ ಜಾಸ್ತಿ. ಒಪ್ಪಿದೆ. ಆದರೆ ನೀನು ಆಕ್ಸಿಲರೇಟರ್ ತುಳಿದ ಮೇಲೆ ಮೊದಲು ಹೊಗೆ ಹೆಚ್ಚಬೇಕು, ಆಮೇಲೆ ಚಕ್ರ ವೇಗ ಹಿಡಿಯಬೇಕು, ಆಮೇಲೆ ಒತ್ತಡ ಏರಬೇಕು, ಅದೆಲ್ಲ ಆದಮೇಲೆ ನಿನ್ನ ಕೆಲಸ. ಎನ್‌ಎ ಎಂಜಿನ್‌ನಲ್ಲಿ ಕಾಲು ಎಷ್ಟು ಒತ್ತಿತೋ ಅಷ್ಟು, ಆಗಲೇ. ಕಾಲಿಗೂ ಎಂಜಿನ್‌ಗೂ ನಡುವೆ ದಲ್ಲಾಳಿ ಯಾಕೆ? ನನ್ನ ಪ್ರಶ್ನೆ ಇಷ್ಟೇ.

ಹೋದ ವರ್ಷ ಮಳೆ ಹಿಂದಾದ ಮೇಲೆ ಚಾರ್ಮಾಡಿ ಘಾಟಿ ಹತ್ತಿದೆವು. ನನ್ನದು ಹಳೇ ಹೋಂಡಾ ಸಿಟಿ ವಿಟೆಕ್, 1.5 ಲೀಟರ್ ಎನ್‌ಎ. ಗೆಳೆಯನದು ಹೊಸ ಟರ್ಬೊ ಕಾರು. ಉಜಿರೆಯಲ್ಲಿ ಬನ್ಸ್ ತಿಂದು ಕಾರು ಬದಲಾಯಿಸಿಕೊಂಡೆವು. ಒಂದು ಹೇರ್‌ಪಿನ್ ತಿರುವಿನಲ್ಲಿ ನಿಧಾನ ಮಾಡಿ ಮತ್ತೆ ಕಾಲು ಒತ್ತಿದೆ. ಏನೂ ಇಲ್ಲ. ಇನ್ನಷ್ಟು ಒತ್ತಿದೆ. ಸ್ಟೀರಿಂಗ್ ಇನ್ನೂ ನೇರವಾಗಿಲ್ಲ, ಅಷ್ಟರಲ್ಲಿ ಇದ್ದಬದ್ದ ಪವರ್ ಎಲ್ಲ ಒಟ್ಟಿಗೆ ಬಂತು, ಒದ್ದೆ ಎಲೆ ಮೇಲೆ ಮುಂದಿನ ಟೈರ್ ಸುಮ್ನೆ ತಿರುಗಿತು. ಅರ್ಧ ದಾರಿಯಲ್ಲಿ ನನ್ನ ಕಾರು ವಾಪಸ್ ತಗೊಂಡೆ. ಎರಡನೇ ಗೇರ್, ಅಂಥದ್ದೇ ತಿರುವು. ಹೆಬ್ಬೆರಳು ಅಲ್ಲಾಡಿಸಿದಷ್ಟೇ ಕಾರು ಅಲ್ಲಾಡುತ್ತದೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುವ ಮುಳ್ಳು ಐದು ಸಾವಿರ ದಾಟಿದ ಮೇಲೆ ದನಿಯೇ ಬದಲಾಗುತ್ತದೆ, ಸ್ಟೀರಿಂಗ್ ಹಿಡಿದ ಕೈಗೂ ಅದು ಗೊತ್ತಾಗುತ್ತದೆ. ನನಗೆ ಇದು ಪರ್ಫಾರ್ಮೆನ್ಸ್.

(ಆ ಘಾಟಿ ವಿಡಿಯೊ ಚಾನೆಲ್‌ನಲ್ಲೇ ಇದೆ, ನೋಡಿಲ್ಲದವರು ನೋಡಿ, ಸಬ್‌ಸ್ಕ್ರೈಬ್ ಮಾಡಿ, ಪಕ್ಕದ ಗಂಟೆಯನ್ನೂ ಒತ್ತಿ.)

ನನ್ನ ಮಾತು ಬೇಡ ಅಂದ್ರೆ ಪೋರ್ಶೆಯವರನ್ನು ನೋಡಿ. 911 ಟರ್ಬೊವನ್ನು 1970ರ ದಶಕದಿಂದ ಮಾಡುತ್ತಿರುವವರು, ಅವರಿಗೆ ಟರ್ಬೊ ಬರುವುದಿಲ್ಲವಾ? ಮಾಮೂಲಿ 911 ಕರೇರಾಗೂ ಟರ್ಬೊ ಹಾಕಿಬಿಟ್ಟರು. ಆದರೆ ಟ್ರ್ಯಾಕ್‌ಗೆ ಅಂತಲೇ ಮಾಡುವ 911 ಜಿಟಿ3? 4 ಲೀಟರ್, ಟರ್ಬೊ ಇಲ್ಲ, 9000 ಆರ್‌ಪಿಎಂ. 2016ರಲ್ಲಿ ತಮ್ಮ ಚಿಕ್ಕ ಸ್ಪೋರ್ಟ್ಸ್ ಕಾರುಗಳಾದ ಕೇಮನ್, ಬಾಕ್ಸ್‌ಸ್ಟರ್‌ಗಳ ಆರು ಸಿಲಿಂಡರ್ ಕಿತ್ತು ನಾಲ್ಕು ಸಿಲಿಂಡರ್ ಟರ್ಬೊ ಕೂರಿಸಿದರು. ನಾಲ್ಕೇ ವರ್ಷ. 2020ರಲ್ಲಿ ಅವುಗಳದೇ ಜಿಟಿಎಸ್ ಮಾದರಿಗೆ ಟರ್ಬೊ ತೆಗೆದು ಆರು ಸಿಲಿಂಡರಿನ 4 ಲೀಟರ್ ಎನ್‌ಎ ಹಾಕಿದರು. ಯಾಕೆ ಹೇಳಿ?

ಲೆಕ್ಸಸ್ ಎಲ್‌ಎಫ್‌ಎ ಗೊತ್ತಲ್ವಾ? 4.8 ಲೀಟರ್ ವಿ10, ಅಂದ್ರೆ ಹತ್ತು ಸಿಲಿಂಡರ್, ಟರ್ಬೊ ಇಲ್ಲ. ಐಡಲ್‌ನಿಂದ (ಕಾಲು ಒತ್ತದೆ ಎಂಜಿನ್ ಸುಮ್ಮನೆ ತಿರುಗುವ ವೇಗದಿಂದ) 9000 ಆರ್‌ಪಿಎಂ ಮುಟ್ಟುವುದಕ್ಕೆ 0.6 ಸೆಕೆಂಡ್. ಆ ವೇಗಕ್ಕೆ ಮಾಮೂಲಿ ಮುಳ್ಳು ಸಾಲುವುದಿಲ್ಲ ಅಂತ ಡಿಜಿಟಲ್ ಮೀಟರ್ ಹಾಕಿದರು. ಮುಳ್ಳಿಗಿಂತ ಎಂಜಿನ್ನೇ ಬೇಗ! ದಲ್ಲಾಳಿ ಇಲ್ಲದಿದ್ದರೆ ಹೀಗಿರುತ್ತದೆ.

ಈಗ ನೀವು ಹೇಳುವುದು ಗೊತ್ತು. "ಫೆರಾರಿ 458 ತೆಗೆದು ಟರ್ಬೊ ಹಾಕಿದ 488 ಮಾಡಿದಾಗ 570 ಹಾರ್ಸ್‌ಪವರ್ ಇದ್ದದ್ದು 670 ಆಯಿತಲ್ಲಾ?" ಆಯಿತು. ಅದೇ ಫೆರಾರಿ 2024ರಲ್ಲಿ 12 ಸಿಲಿಂಡ್ರಿ ತಂದಿತು, ವಿ12, ಟರ್ಬೊ ಇಲ್ಲ, 9500 ಆರ್‌ಪಿಎಂ. "ಬೆಂಗಳೂರು 900 ಮೀಟರ್ ಎತ್ತರ, ಗಾಳಿ ತೆಳು, ಎನ್‌ಎ ಪವರ್ ಇಳಿಯುತ್ತೆ." ಇಳಿಯಲಿ, ಉಳಿದದ್ದು ಕಾಲು ಒತ್ತಿದ ಕೂಡಲೇ ಬರುತ್ತದೆ. "ಈಗಿನ ಟರ್ಬೊದಲ್ಲಿ ಲ್ಯಾಗ್, ಅಂದ್ರೆ ಕಾಲು ಒತ್ತಿದ ಮೇಲಿನ ತಡ, ಕಮ್ಮಿ." ಕಮಿಷನ್ ಕಮ್ಮಿ ಮಾಡಿದರೂ ದಲ್ಲಾಳಿ ದಲ್ಲಾಳಿಯೇ! "ಟಾರ್ಕ್?" ಟಾರ್ಕ್, ಅಂದ್ರೆ ಎಳೆಯುವ ಬಲ, ಬೇಕಾದರೆ ಟ್ರ್ಯಾಕ್ಟರ್ ತಗೊಳ್ಳಿ. ಮೈಲೇಜ್ ಅಂದವರಿಗೆ ಉತ್ತರವೇ ಕೊಡುವುದಿಲ್ಲ, ನಾವು ಮಾತಾಡುತ್ತಿರುವುದು ಪರ್ಫಾರ್ಮೆನ್ಸ್ ಕಾರಿನ ಬಗ್ಗೆ. ಮನೆಮನೆಗೂ ಟರ್ಬೊ ಬಂದದ್ದೇ ಹೊಗೆ ಕಾನೂನಿನ ಲೆಕ್ಕಕ್ಕೆ, ಓಡಿಸುವವನ ಖುಷಿಗಲ್ಲ.

ರೀಮ್ಯಾಪ್ ಮಾಡಿಸಿದವರು (ಪವರ್ ಏರಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿಕೊಂಡವರು) ಕೆಳಗೆ ಜಗಳಕ್ಕೆ ಬರುತ್ತೀರಿ, ಬನ್ನಿ. ಭಾನುವಾರ ಸಂಜೆ ಲೈವ್ ಇದೆ, ಅಲ್ಲೂ ಇದನ್ನೇ ಹೇಳುತ್ತೇನೆ. ಮುಂದಿನ ವರ್ಷವೂ ಇದನ್ನೇ ಹೇಳುತ್ತೇನೆ. ನನಗೆ ದಲ್ಲಾಳಿ ಬೇಡ. ಬೇಡ ಅಂದ್ರೆ ಬೇಡ.

ಸಾಕು ಮಾತು. ಹೆಡ್‌ಫೋನ್ ಹಾಕಿಕೊಳ್ಳಿ. ಬಾನೆಟ್ ತೆಗೆದಿದ್ದೇನೆ, ಮೈಕ್ ಪಕ್ಕದಲ್ಲೇ ಇಟ್ಟಿದ್ದೇನೆ. ಕೀ ತಿರುಗಿಸುತ್ತಿದ್ದೇನೆ, ಕೇಳಿ.