ಒಂದೇ ಲೆನ್ಸ್ ಹಾಕಿಕೊಂಡು ಬೇಲೂರಿಗೆ ಹೊರಟರೆ

ಕೇಳುಗರಿಗೆಲ್ಲ ನಮಸ್ಕಾರ.

ಹೊಸದಾಗಿ ಕ್ಯಾಮೆರಾ ಕೊಂಡವರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಟೂರ್‌ಗೆ ಒಂದೇ ಲೆನ್ಸ್ ತಗೋಬೇಕು, ಜಾಸ್ತಿ ಜೂಮ್ ಆಗೋದು ಯಾವುದು?" ಅಂಗಡಿಯಲ್ಲೂ ಅದೇ ಮಾತು. 200 ಇದೆ, 300 ಇದೆ, ಬೇಕಾದರೆ 400ರ ತನಕ ಇದೆ ಸಾರ್. ಒಂದೇ ಲೆನ್ಸ್ ಅನ್ನುವ ತೀರ್ಮಾನಕ್ಕೆ ನನ್ನ ತಕರಾರಿಲ್ಲ. ಒಳ್ಳೆಯದೇ. ಆದರೆ ಲೆನ್ಸಿನ ಮೇಲೆ 18-135 ಅಂತಲೋ 24-105 ಅಂತಲೋ ಬರೆದಿರುತ್ತದಲ್ಲ, ಎಲ್ಲರ ಕಣ್ಣು ಹೋಗುವುದು ಎರಡನೇ ಸಂಖ್ಯೆಗೆ. ನೀವು ಮೊದಲನೇ ಸಂಖ್ಯೆ ನೋಡಿ. ಅದು ಚಿಕ್ಕದಾದಷ್ಟು ಲೆನ್ಸ್ ಅಗಲವಾಗಿ ನೋಡುತ್ತದೆ, ಎರಡನೆಯದು ದೊಡ್ಡದಾದಷ್ಟು ದೂರದ್ದು ಹತ್ತಿರ ಬರುತ್ತದೆ.

ಯಾಕೆ ಅಂತ ತಿಳಿಯಬೇಕಾದರೆ ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತಿದರೆ ಸಾಕು. ಬಾಹುಬಲಿಯ ಎತ್ತರ ಸುಮಾರು 58 ಅಡಿ. ಮುಂದೆ ಇರುವ ಅಂಗಳ ಅದಕ್ಕೆ ತಕ್ಕಷ್ಟು ದೊಡ್ಡದಲ್ಲ. ಪಾದದಿಂದ ಗುಂಗುರು ಕೂದಲಿನ ತನಕ ಪೂರ್ತಿ ಹಿಡಿಯಬೇಕು ಅಂತ ನೀವು ಹಿಂದೆ ಹಿಂದೆ ಸರಿಯುತ್ತೀರಿ, ಬೆನ್ನಿಗೆ ಕಲ್ಲು ತಾಗುತ್ತದೆ, ಅಲ್ಲಿಗೆ ಮುಗಿಯಿತು. ಆಮೇಲೆ ಕೆಲಸಕ್ಕೆ ಬರುವುದು ಲೆನ್ಸಿನ ಅಗಲ ಮಾತ್ರ. ಹಳೇಬೀಡಿನ ಜಗತಿಯ ಮೇಲೂ, ಅಂದರೆ ಗುಡಿ ನಿಂತಿರುವ ಕಲ್ಲಿನ ಕಟ್ಟೆಯ ಮೇಲೂ, ಇದೇ ಕಥೆ. ಗೋಡೆ ಒಳಗೆ ಹೊರಗೆ ಮಡಿಚಿಕೊಂಡು ಹೋಗುತ್ತದೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ಕಥೆ. ಇಷ್ಟನ್ನೂ ಒಂದೇ ಚಿತ್ರದಲ್ಲಿ ತರಬೇಕು ಅಂದರೆ ಗೋಡೆಗೆ ಹತ್ತಿರವೇ ನಿಂತು ಅಗಲವಾಗಿ ತೆಗೆಯಬೇಕು. ಜಗತಿಯಿಂದ ಹಿಂದಕ್ಕೆ ಕಾಲಿಟ್ಟರೆ ಕೆಳಗೆ ಬೀಳುತ್ತೀರಿ, ಅಷ್ಟೇ.

ದೂರದ್ದು ಸಾಲದೆ ಹೋದರೆ ಹೇಗೋ ಸರಿಮಾಡಬಹುದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಂದರೆ ಅಗಲ 6000 ಚುಕ್ಕಿ, ಎತ್ತರ 4000 ಚುಕ್ಕಿ. ಅದರ ನಡುಭಾಗವನ್ನು ಅಗಲ ಎತ್ತರ ಎರಡರಲ್ಲೂ ಅರ್ಧಕ್ಕೆ ಕತ್ತರಿಸಿ. 3000ಕ್ಕೆ 2000 ಉಳಿಯುತ್ತದೆ. ಹತ್ತು ಇಂಚು ಅಗಲದ ಪ್ರಿಂಟಿಗೆ ಅದು ಧಾರಾಳವಾಯಿತು, ಮೊಬೈಲಿನಲ್ಲಿ ನೋಡುವುದಕ್ಕಂತೂ ಬೇಕಾದ್ದಕ್ಕಿಂತ ಜಾಸ್ತಿ. ಅಂದರೆ 135ರ ಲೆನ್ಸಿನಲ್ಲಿ ತೆಗೆದದ್ದು 270ರಲ್ಲಿ ತೆಗೆದ ಹಾಗೆ ಕಾಣುತ್ತದೆ. ಆದರೆ ಫ್ರೇಮಿನ ಹೊರಗೇ ಉಳಿದ ಬಾಹುಬಲಿಯ ಪಾದವನ್ನು ಮನೆಗೆ ಬಂದು ಎಲ್ಲಿಂದ ತರುತ್ತೀರಿ?

"ಅಗಲಕ್ಕೆ ಮೊಬೈಲ್ ಇದೆಯಲ್ಲ" ಅಂತ ಕೆಲವರು ಹೇಳುತ್ತಾರೆ. ಇದೆ, ನಿಜ. ಆದರೆ ಒಂದೇ ಜಾಗದ ಅರ್ಧ ಚಿತ್ರ ಅದರಲ್ಲಿ, ಅರ್ಧ ಇದರಲ್ಲಿ ಅಂತಾದರೆ ಬಣ್ಣ ಬೇರೆ, ನೆರಳು ಬೇರೆ. ಒಟ್ಟಿಗೆ ಇಟ್ಟು ನೋಡಿದಾಗ ಹೊಂದುವುದೇ ಇಲ್ಲ. ನನಗಂತೂ ಇಷ್ಟವಾಗುವುದಿಲ್ಲ.

ಇನ್ನು ಎಷ್ಟು ಅಗಲ ಬೇಕು ಅನ್ನುವುದು ನಿಮ್ಮ ಕ್ಯಾಮೆರಾದ ಸೆನ್ಸರ್, ಅಂದರೆ ಒಳಗೆ ಚಿತ್ರ ಹಿಡಿಯುವ ಚಿಪ್, ಎಷ್ಟು ದೊಡ್ಡದು ಅನ್ನುವುದರ ಮೇಲೆ ಹೋಗುತ್ತದೆ. ಸೆನ್ಸರ್ 36ಕ್ಕೆ 24 ಎಂಎಂ ಇದ್ದರೆ ಅದು ಫುಲ್ ಫ್ರೇಮ್. ಅದಕ್ಕೆ 24ರಿಂದ ಶುರುವಾಗುವುದನ್ನು ತೆಗೆದುಕೊಳ್ಳಿ. 24-105 ಎಫ್ 4 ಲೆನ್ಸ್ ಕ್ಯಾನನ್, ಸೋನಿ ಎರಡರಲ್ಲೂ ಇದೆ, ನಿಕಾನ್ ಝಡ್‌ಗೆ 24-120 ಇದೆ. ಎಫ್ ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ. ಟ್ಯಾಮ್ರಾನ್ 28-200 ಕೂಡ ಒಳ್ಳೆಯ ಲೆನ್ಸ್, ಹಗುರ ಬೇರೆ, ಆದರೆ 28ಕ್ಕೂ 24ಕ್ಕೂ ಬರೀ ನಾಲ್ಕು ಎಂಎಂ ಅಂತ ಅಂದುಕೊಳ್ಳಬೇಡಿ. ದೇವಸ್ಥಾನದೊಳಗೆ ನಿಂತಾಗ ಆ ನಾಲ್ಕೇ ಒಂದು ಕಂಬವನ್ನು ಒಳಗೆ ತರುವುದು, ಹೊರಗೆ ಬಿಡುವುದು. ನಮ್ಮಲ್ಲಿ ಬಹಳ ಜನರ ಕೈಯಲ್ಲಿರುವುದು ಎಪಿಎಸ್-ಸಿ ಸೆನ್ಸರ್, ಅದಕ್ಕಿಂತ ಚಿಕ್ಕದು. ಅದರಲ್ಲಿ ಲೆನ್ಸಿನ ಸಂಖ್ಯೆಯನ್ನು ಒಂದೂವರೆಯಿಂದ ಗುಣಿಸಬೇಕು, ಕ್ಯಾನನ್ ಆದರೆ 1.6ರಿಂದ. ಹಾಗಾಗಿ 16 ಅಂದರೆ ಫುಲ್ ಫ್ರೇಮಿನ 24, 18 ಅಂದರೆ 27. ಫ್ಯೂಜಿಯವರ 16-80, ಟ್ಯಾಮ್ರಾನ್‌ನವರ 17-70 ಇಂಥವು ನಿಮ್ಮ ಕ್ಯಾಮೆರಾಕ್ಕೆ ಸಿಗುವುದಾದರೆ ಮೊದಲು ಅವನ್ನು ನೋಡಿ. ಇಲ್ಲದಿದ್ದರೆ 18-135 ಅಥವಾ 18-140 ಆರಾಮಾಗಿ ನಡೆಯುತ್ತದೆ.

ಹಾಗಂತ ಉದ್ದದ ತುದಿ ಬೇಡವೇ ಬೇಡ ಅಂತಲ್ಲ. ಬೇಲೂರಿಗೆ ಹೋಗಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ, ಹೊರಗಿನ ಸೂರಿನ ಕೆಳಗೆ 38 ಮದನಿಕೆಯರು. ನೇರ ಕೆಳಗೆ ನಿಂತು ತೆಗೆದರೆ ಬರುವುದು ಗಲ್ಲ, ಮೂಗಿನ ಹೊಳ್ಳೆ, ಕಾಲಡಿಯ ಪೀಠ. ದರ್ಪಣ ಸುಂದರಿಯ ಮುಖವೂ ಕಾಣುವುದಿಲ್ಲ, ಕನ್ನಡಿಯೂ ಕಾಣುವುದಿಲ್ಲ. ಜಗತಿ ಇಳಿದು ಅಂಗಳಕ್ಕೆ ಬನ್ನಿ, ಹಿಂದೆ ನಡೆಯಿರಿ, 100-135ಕ್ಕೆ ಜೂಮ್ ಮಾಡಿ. ಆಗ ಮುಖ ನೆಟ್ಟಗಾಗುತ್ತದೆ. ಸೂರಿನ ನೆರಳಲ್ಲಿ ಅವರು ಕಪ್ಪಗೆ ಬರುತ್ತಾರೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿಕೊಳ್ಳಿ, ಅಂದರೆ ಬೆಳಕು ಎರಡು ಪಟ್ಟು. ಅಂದಹಾಗೆ ಹಳೇಬೀಡಿನ ಹಿಂದಿನ ಗೋಡೆ ಪಶ್ಚಿಮಕ್ಕಿದೆ, ಅಲ್ಲಿಗೆ ಮಧ್ಯಾಹ್ನದ ಮೇಲೇ ಹೋಗಿ. ಓರೆ ಬಿಸಿಲಿಗೆ ಆಭರಣದ ಒಂದೊಂದು ಮಣಿಯೂ ಬೇರೆ ಬೇರೆ ಕಾಣುತ್ತದೆ. ಇದಕ್ಕೆ ಯಾವ ಲೆನ್ಸಿಗೂ ದುಡ್ಡು ಕೊಡಬೇಕಾಗಿಲ್ಲ.

ಗುಡಿಯ ನಡುವಿನ ಕಂಬಗಳ ಮಂಟಪ, ಅದೇ ನವರಂಗ, ಅದರ ಒಳಗೆ ಕತ್ತಲು. ಅಲ್ಲಿ ಎಲ್ಲರಿಗೂ ಎಫ್ 2.8 ಬೇಕು ಅನ್ನಿಸುತ್ತದೆ. ಎಫ್ 5.6ಕ್ಕಿಂತ 2.8ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ, ಸುಳ್ಳಲ್ಲ. ಆದರೆ ಕಡೆದ ಕಂಬ ಎಲ್ಲಿಗೂ ಓಡುವುದಿಲ್ಲವಲ್ಲ. ಅಲುಗಾಟ ತಡೆಯುವ ಸ್ಟೆಬಿಲೈಸರ್ ಇರುವ ಲೆನ್ಸ್ ಇದ್ದರೆ, ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಸೆಕೆಂಡಿನ 15ನೇ ಒಂದು ಭಾಗದಲ್ಲೂ ಚೂಪಾದ ಚಿತ್ರ ಬರುತ್ತದೆ. ಕತ್ತಲಲ್ಲಿ ಚಿತ್ರವನ್ನು ಬೆಳಗಿಸಲು ಕ್ಯಾಮೆರಾದಲ್ಲಿ ಏರಿಸುವ ಐಎಸ್ಒ ಸಂಖ್ಯೆ 1600, 3200 ಆದರೂ ಹೆದರಬೇಡಿ. ಟ್ರೈಪಾಡ್ ಆದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕಂಬಕ್ಕೆ ಒರಗಿ ನಿಲ್ಲುವುದೂ ಬೇಡ, ಒಂಬತ್ತು ನೂರು ವರ್ಷದ ಕಂಬ ಅದು. ಹೆಜ್ಜೆ ಹಾಕಿ ಕುಣಿಯುವವರನ್ನು, ಓಡಾಡುವ ಮಕ್ಕಳನ್ನು ಕತ್ತಲಲ್ಲಿ ತೆಗೆಯುವುದೇ ನಿಮ್ಮ ಮುಖ್ಯ ಕೆಲಸವಾದರೆ ಮಾತ್ರ 2.8ರ ಹಿಂದೆ ಹೋಗಿ. ಸ್ಟೆಬಿಲೈಸರ್ ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಅವರ ಕಾಲನ್ನು ನಿಲ್ಲಿಸುವುದಿಲ್ಲ.

18-400ರಂಥ ದೊಡ್ಡ ಜೂಮ್ ಯಾಕೆ ಬೇಡ? ತೂಕ 700 ಗ್ರಾಂ ಆಸುಪಾಸು. ಸೋನಿಯ 18-135 ಅದರ ಅರ್ಧಕ್ಕಿಂತ ಕಡಿಮೆ, 325 ಗ್ರಾಂ. ಬರಿಗಾಲಲ್ಲಿ ದೊಡ್ಡಬೆಟ್ಟದ ಮೆಟ್ಟಿಲು ಹತ್ತುವಾಗ ಕತ್ತಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಉದ್ದದ ತುದಿಯಲ್ಲಿ ಎಫ್ 6.3, ಚಿತ್ರ ಸ್ವಲ್ಪ ಮಂದ. ಭದ್ರಾ ಹಿನ್ನೀರಿನ ರೀವ ಹಕ್ಕಿಗಳಿಗೆ, ಮುತ್ತೋಡಿ ಕಾಡಿಗೆ ಅಂತ ಕೊಳ್ಳುತ್ತಾರೆ. ಹಕ್ಕಿ ತೆಗೆಯುವುದು ಬೇರೆಯೇ ಹುಚ್ಚು, ಅದಕ್ಕೆ ಬೇರೆಯೇ ಲೆನ್ಸ್. ಪ್ರವಾಸದ ಲೆನ್ಸಿನ ತಲೆಗೆ ಅದನ್ನು ಕಟ್ಟಬೇಡಿ.

ಒಂದೇ ಲೆನ್ಸ್ ಇರುವುದರ ನಿಜವಾದ ಸುಖ ತಿಳಿಯಬೇಕಾದರೆ ಮಳೆಗಾಲದಲ್ಲಿ ಮುಳ್ಳಯ್ಯನಗಿರಿ ಹತ್ತಬೇಕು. ಗಾಳಿ, ಮಂಜು, ಸೋನೆ ಮೂರೂ ಒಟ್ಟಿಗೆ. ಅಲ್ಲಿ ಲೆನ್ಸ್ ಬಿಚ್ಚಿ ಇನ್ನೊಂದು ಹಾಕಲು ಹೋದರೆ ಹನಿ ನೇರ ಸೆನ್ಸರ್ ಮೇಲೆ. ಎಸಿ ಕಾರಿನಿಂದ ಇಳಿದ ಕೂಡಲೇ ಗಾಜಿಗೆ ಹಬೆ ಕಟ್ಟುವುದೂ ಉಂಟು, ಜಾಗ ಹತ್ತಿರ ಬರುವಾಗಲೇ ಕಿಟಕಿ ಇಳಿಸಿಬಿಡಿ.

ಇದಕ್ಕಿಂತ ದೊಡ್ಡ ಶತ್ರು ಮನೆಯಲ್ಲೇ ಇದೆ. ಮಲೆನಾಡಿನಲ್ಲಿ ಬಟ್ಟೆಗೆ, ಚಪ್ಪಲಿಗೆ ಬೂಷ್ಟು ಹಿಡಿಯುವ ಹಾಗೆ ಲೆನ್ಸಿಗೂ ಹಿಡಿಯುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಚರ್ಮದ ಚೀಲದಲ್ಲಿ ಹಾಕಿ ಬೀರುವಿನೊಳಗೆ ಇಡುವಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಚರ್ಮವೇ ತೇವ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ, ಒಳಗೆ ಒಂದು ಹಿಡಿ ಸಿಲಿಕಾ ಜೆಲ್ ಹಾಕಿ. ನೀಲಿ ಹರಳು ತೇವ ಕುಡಿದು ಗುಲಾಬಿಯಾದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಗೆ ಬಳಸುವ ಬಾಣಲೆಯಲ್ಲಿ ಮಾತ್ರ ಬೇಡ. ಕೆಲವರು ಅಕ್ಕಿಯೊಳಗೆ ಇಡುತ್ತಾರೆ, ಧೂಳು ಹಿಡಿಯುವುದೊಂದೇ ಲಾಭ. ಎಲ್ಲಕ್ಕಿಂತ ಒಳ್ಳೆಯದು ಲೆನ್ಸನ್ನು ಆಗಾಗ ಹೊರಗೆ ತೆಗೆದು ಬಳಸುವುದು. ನಾಲ್ಕು ಲೆನ್ಸ್ ಇದ್ದವರ ಮನೆಯಲ್ಲಿ ಮೂರು ಸುಮ್ನೆ ಡಬ್ಬಿಯಲ್ಲಿ ಕೂತಿರುತ್ತವೆ, ಬೂಷ್ಟು ಹಿಡಿಯುವುದು ಅವಕ್ಕೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನೊಂದು ಪರೀಕ್ಷೆ ಮಾಡಿಯೇ ದುಡ್ಡು ಕೊಡಿ. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಚುಕ್ಕಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಚಿತ್ರದಲ್ಲಿ ಕಾಣುವುದಿಲ್ಲ. ಗಾಜಿನ ಅಂಚಿನಿಂದ ಒಳಕ್ಕೆ ಜೇಡನ ಬಲೆಯ ಎಳೆಯಂತೆ ಏನಾದರೂ ಹರಡಿದ್ದರೆ ಅದೇ ಫಂಗಸ್. "ಒರೆಸಿದರೆ ಹೋಗುತ್ತೆ ಸಾರ್" ಅನ್ನುತ್ತಾರೆ. ಅದು ಇರುವುದು ಒಳಗಿನ ಗಾಜಿನ ಮೇಲೆ, ಒರೆಸುವುದು ಹೇಗೆ? ಎಷ್ಟೇ ಅಗ್ಗಕ್ಕೆ ಕೊಟ್ಟರೂ ವಾಪಸ್ ಕೊಟ್ಟು ಬನ್ನಿ. ನಮಸ್ಕಾರ.