ವಸಡಿನ ಉರಿಯೂತಕ್ಕೆ ಉಪ್ಪುನೀರು

ಕೇಳುಗರಿಗೆ ನಮಸ್ಕಾರ.

ವಸಡು ಕೆಂಪಾಗಿ ಊದಿಕೊಂಡು, ಹಲ್ಲುಜ್ಜುವಾಗ ರಕ್ತ ಕಾಣಿಸಿಕೊಂಡರೆ ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಹೇಳುವುದು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿದರೆ ಆ ದ್ರಾವಣ ನಮ್ಮ ಶರೀರದ ದ್ರವಗಳಿಗಿಂತ ಸ್ವಲ್ಪ ಹೆಚ್ಚು ಉಪ್ಪಾಗಿರುತ್ತದೆ. ಮಾವಿನ ಮಿಡಿಗೆ ಉಪ್ಪು ಹಾಕಿಟ್ಟಾಗ ಅದು ನೀರು ಬಿಡುವ ಹಾಗೆಯೇ, ಊದಿದ ವಸಡಿನಲ್ಲಿ ತುಂಬಿಕೊಂಡ ದ್ರವದಲ್ಲಿ ಒಂದಷ್ಟು ಹೊರಗೆ ಬಂದು ಬಿಗಿತ ಸಡಿಲಗೊಳ್ಳುತ್ತದೆ. ಹಲ್ಲುಗಳ ಸಂದಿಯಲ್ಲಿ ಸಿಕ್ಕಿದ ಆಹಾರದ ಚೂರುಗಳೂ ತೊಳೆದುಹೋಗುತ್ತವೆ.

ಆದರೆ ಉರಿಯೂತದ ಮೂಲ ಬೇರೆಡೆ ಇದೆ. 1965ರಲ್ಲಿ ದಂತವಿಜ್ಞಾನಿ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಆರೋಗ್ಯವಂತ ಯುವಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿ ಗಮನಿಸಿದಾಗ, ಮೂರು ವಾರಗಳೊಳಗೆ ಎಲ್ಲರ ವಸಡೂ ಊದಿಕೊಂಡಿತು. ಹಲ್ಲುಜ್ಜಲು ಮತ್ತೆ ಆರಂಭಿಸಿದ ಕೆಲವೇ ದಿನಗಳಲ್ಲಿ ಗುಣವಾಯಿತು. ಹಲ್ಲಿನ ಬುಡದಲ್ಲಿ ಅಂಟಿಕೊಳ್ಳುವ ಸೂಕ್ಷ್ಮಾಣುಗಳ ಪದರವೇ ಇದಕ್ಕೆ ಕಾರಣವೆಂಬುದು ಆ ಪ್ರಯೋಗದಿಂದ ಸ್ಪಷ್ಟವಾಯಿತು. ಆ ಪದರವನ್ನು ಬ್ರಷ್ಷು ತೆಗೆಯುತ್ತದೆ. ಅದು ಗಟ್ಟಿಯಾಗಿ ಗಾರೆಯಂತಾದರೆ ದಂತವೈದ್ಯರೇ ತೆಗೆಯಬೇಕು. ಎಷ್ಟು ಮುಕ್ಕಳಿಸಿದರೂ ಉಪ್ಪುನೀರು ಅದನ್ನು ಕರಗಿಸಲಾರದು.

ಸೈಂಧವ ಲವಣವೇ ಶ್ರೇಷ್ಠವೆಂದು ಹೆಚ್ಚು ಬೆಲೆ ತೆರುವವರಿದ್ದಾರೆ. ಪಾಕಿಸ್ತಾನದ ಪಂಜಾಬಿನ ಖೇವ್ರಾ ಗಣಿಯಿಂದ ಬರುವ ಗುಲಾಬಿ ಉಪ್ಪಾಗಲಿ, ನಮ್ಮ ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಸಮುದ್ರದ ನೀರು ಆರಿ ಸಿಗುವ ಉಪ್ಪಾಗಲಿ, ಬಹುಪಾಲು ಸೋಡಿಯಂ ಕ್ಲೋರೈಡೇ. ಗುಲಾಬಿ ಬಣ್ಣ ಅದರಲ್ಲಿರುವ ಅಲ್ಪ ಕಬ್ಬಿಣದ ಅಂಶದಿಂದ ಬರುತ್ತದೆ; ಅರೆನಿಮಿಷ ಬಾಯಲ್ಲಿಟ್ಟು ಉಗುಳುವ ನೀರಿನಲ್ಲಿರುವ ಅಷ್ಟು ಖನಿಜದಿಂದ ವಸಡಿಗೆ ವಿಶೇಷ ಲಾಭವಾದೀತೆಂದು ನಾನು ನಂಬುವುದಿಲ್ಲ. ಮುಕ್ಕಳಿಸಲು ಅಡುಗೆಮನೆಯ ಉಪ್ಪೇ ಸಾಕು.

ನಾನು ಒತ್ತಿ ಹೇಳಬೇಕಾದುದು ಕಲ್ಲುಪ್ಪನ್ನು ಇದ್ದಿಲಿನೊಡನೆ ಸೇರಿಸಿ ಬೆರಳಿನಿಂದ ತಿಕ್ಕುವ ಅಭ್ಯಾಸದ ಬಗ್ಗೆ. ಊದಿದ ವಸಡಿಗೆ ಹರಳುಗಳು ಗಾಯ ಮಾಡುತ್ತವೆ. ವಸಡು ಸರಿದು ಹೊರಗೆ ಕಾಣುವ ಬೇರಿನ ಭಾಗ ಹಲ್ಲಿನ ಎನಾಮಲ್‌ಗಿಂತ ಮೃದುವಾದ್ದರಿಂದ ಬೇಗ ಸವೆಯುತ್ತದೆ, ಆಮೇಲೆ ತಣ್ಣೀರು ಸೋಕಿದರೂ ಜುಮ್ಮೆನ್ನುತ್ತದೆ. ಉಪ್ಪು ನೀರಿನಲ್ಲಿ ಪೂರ್ತಿ ಕರಗಿರಲಿ. ರಕ್ತದೊತ್ತಡವಿರುವವರು ಮುಕ್ಕಳಿಸಿದ ನೀರನ್ನು ನುಂಗಬಾರದು. ಉಗುಳಲು ಬಾರದ ಚಿಕ್ಕ ಮಕ್ಕಳಿಗೆ ಇದು ಬೇಡ. ಹಲ್ಲು ಕೀಳಿಸಿದವರು ಮೊದಲ ದಿನ ಮುಕ್ಕಳಿಸಿದರೆ ಗಾಯದ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರಬಹುದಾದ್ದರಿಂದ ಮರುದಿನದಿಂದ ಆರಂಭಿಸಬೇಕು. ಎರಡು ವಾರ ಸರಿಯಾಗಿ ಹಲ್ಲುಜ್ಜಿದ ಮೇಲೂ ರಕ್ತ ನಿಲ್ಲದಿದ್ದರೆ, ಕೀವು ಕಂಡರೆ, ಹಲ್ಲು ಅಲುಗಾಡಿದರೆ, ಅದರಲ್ಲಿಯೂ ಮಧುಮೇಹವಿದ್ದರೆ, ತಡಮಾಡದೆ ದಂತವೈದ್ಯರನ್ನು ಕಾಣಿರಿ.